ಅರಸರ ಗೋರಿ ಕೊರೆದ ಹುಡುಗರ ಊರಿನಲ್ಲಿ

ಲಕ್ಸರ್‌ನಲ್ಲಿ ನೈಲ್ ದಾಟಿ ಪಶ್ಚಿಮ ದಡಕ್ಕೆ ಇಳಿದ ಪ್ರವಾಸಿಗರು ಹಿಡಿಯುವ ದಾರಿ ಹೆಚ್ಚುಕಮ್ಮಿ ಒಂದೇ. ಕಬ್ಬಿನ ಗದ್ದೆಗಳನ್ನು ಹಾದು ಮೆಮ್ನಾನ್‌ನ ಎರಡು ದೈತ್ಯ ಮೂರ್ತಿಗಳ ಮುಂದೆ ಐದು ನಿಮಿಷ ನಿಂತು, ಹಾತ್ಶೆಪ್ಸುತ್ ರಾಣಿಯ ದೇವಾಲಯ ನೋಡಿ, ರಾಜರ ಕಣಿವೆಯಲ್ಲಿ ಮೂರು ಗೋರಿ ಇಳಿದು ಹತ್ತಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಬಸ್ಸು ಏರುತ್ತಾರೆ. ಅದೇ ಬೆಟ್ಟಸಾಲಿನ ಮಡಿಲಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ದೇರ್ ಎಲ್-ಮದೀನಾ ಎಂಬ ಪಾಳುಬಿದ್ದ ಹಳ್ಳಿ ಇದೆ. ಆ ಗೋರಿಗಳನ್ನು ಕೊರೆದವರು, ಗೋಡೆಗಳಿಗೆ ಬಣ್ಣ ಬಳಿದವರು ವಾಸವಿದ್ದ ಊರು ಇದು. ನಾನು ಲಕ್ಸರ್‌ಗೆ ಹೋದದ್ದು ಈ ಊರಿಗಾಗಿ. ಅದರಲ್ಲೂ ಇಲ್ಲಿ ಕಸುಬು ಕಲಿಯುತ್ತಿದ್ದ ಹುಡುಗರಿಗಾಗಿ.

ಊರು ಎಷ್ಟು ಚಿಕ್ಕದೆಂದರೆ ಟಿಕೆಟ್ ತೋರಿಸಿ ನಾಲ್ಕು ಹೆಜ್ಜೆ ಇಟ್ಟರೆ ಇಡೀ ಊರು ಕಣ್ಣಿಗೆ ಬೀಳುತ್ತದೆ. ಸುತ್ತ ಗೋಡೆ, ನಡುವೆ ಒಂದು ಓಣಿ. ಓಣಿಯ ಎರಡೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಅಡಿಪಾಯ. ತುಂಬಿದ್ದ ಕಾಲದಲ್ಲಿ ಗೋಡೆಯೊಳಗೆ ಇದ್ದದ್ದು ಸುಮಾರು 70 ಮನೆ. ಪ್ರತಿ ಮನೆಯೂ ಉದ್ದಕ್ಕೆ ಸಾಲಾಗಿ ಮೂರ್ನಾಲ್ಕು ಕೋಣೆ: ಮುಂದೆ ಇಟ್ಟಿಗೆಯ ಕಟ್ಟೆಯಿರುವ ಕೋಣೆ, ಅದರ ಹಿಂದೆ ಕಂಬವಿರುವ ನಡುಮನೆ, ಹಿಂದುಗಡೆ ಸೂರಿಲ್ಲದ ಅಡುಗೆಮನೆ, ಮಾಳಿಗೆಗೆ ಮೆಟ್ಟಿಲು, ಕಾಳು ಇಡಲು ನೆಲಮಾಳಿಗೆ. ನೀರಿನ ಸೆಲೆ ಊರಲ್ಲೇ ಇಲ್ಲ. ಸರ್ಕಾರ ನೇಮಿಸಿದ ನೀರುಹೊರುವವರು ಕತ್ತೆಗಳ ಮೇಲೆ ಕೆಳಗಿನಿಂದ ನೀರು ತರುತ್ತಿದ್ದರು. ಮೀನು, ಸೌದೆ, ತರಕಾರಿ, ಮಡಕೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಕ್ರಿ.ಪೂ. 1500ರ ಆಸುಪಾಸಿನಲ್ಲಿ ನೆಲೆಗೊಂಡ ಈ ಊರು ನಾನ್ನೂರು ವರ್ಷ ಹೀಗೆ ಪರರ ಕೈ ನೋಡಿಕೊಂಡೇ ಬಾಳಿತು. ಅರಸನ ಗೋರಿಯ ಕೆಲಸ ನಡೆಯುವತನಕ ಅನ್ನ, ನಿಂತರೆ ಇಲ್ಲ.

ನೀರಿಗಾಗಿ ಅವರು ಊರ ಉತ್ತರಕ್ಕೆ ಭಾರೀ ಆಳದ ಗುಂಡಿಯೊಂದನ್ನು ತೋಡಿದ್ದರು. ನೀರು ಸಿಗಲಿಲ್ಲ. ಆಮೇಲೆ ಅದು ಕಸದ ಗುಂಡಿಯಾಯಿತು. ಫ್ರೆಂಚ್ ಪುರಾತತ್ವಜ್ಞ ಬೆರ್ನಾರ್ ಬ್ರುಯೇರ್ 1922ರಿಂದ ಸುಮಾರು ಮೂರು ದಶಕ ಇಲ್ಲಿ ಉತ್ಖನನ ನಡೆಸಿದರು. ಆ ಗುಂಡಿಯನ್ನು ಬರಿದು ಮಾಡಿದಾಗ ಸಾವಿರಾರು ಸುಣ್ಣಕಲ್ಲಿನ ಚಕ್ಕೆಗಳು, ಮಡಕೆ ಚೂರುಗಳು ಸಿಕ್ಕವು. ಒಂದೊಂದರ ಮೇಲೂ ಕಪ್ಪು, ಕೆಂಪು ಶಾಯಿಯ ಬರಹ. ಪಪೈರಸ್ ದುಬಾರಿ, ಕಲ್ಲಿನ ಚಕ್ಕೆ ಬಿಟ್ಟಿ. ಹಾಗಾಗಿ ಸಾಲದ ಲೆಕ್ಕ, ಜಗಳದ ತೀರ್ಪು, ಹಾಜರಿ, ಪತ್ರ, ಮಕ್ಕಳ ತಿದ್ದುಪಾಠ ಎಲ್ಲವನ್ನೂ ಈ ಜನ ಕಲ್ಲಿನ ಮೇಲೆ ಬರೆದು, ಕೆಲಸ ಮುಗಿದ ಮೇಲೆ ಎಸೆದರು. ಎಸೆದದ್ದೇ ಉಳಿಯಿತು. ಜೆಕ್ ವಿದ್ವಾಂಸ ಯಾರೊಸ್ಲಾವ್ ಚೆರ್ನಿ ತಮ್ಮ ಬದುಕಿನ ಬಹುಭಾಗವನ್ನು ಇವುಗಳನ್ನು ಓದುವುದರಲ್ಲಿ ಕಳೆದರು. ಅವರಂಥವರ ದುಡಿಮೆಯಿಂದಾಗಿ ಮೂರು ಸಾವಿರ ವರ್ಷ ಹಿಂದಿನ ಒಂದು ಓಣಿಯ ಜನರನ್ನು ನಾವು ಇವತ್ತು ಹೆಸರು ಹಿಡಿದು ಕರೆಯಬಹುದು.

ಗೋರಿ ಕೆಲಸದ ತಂಡದಲ್ಲಿ ಎಡಪಕ್ಷ, ಬಲಪಕ್ಷ ಎಂದು ಎರಡು ಪಂಗಡ, ತಲಾ ಒಬ್ಬ ಮೇಸ್ತ್ರಿ. ಇಬ್ಬರ ಲೆಕ್ಕವನ್ನೂ ಇಡಲು ಲಿಪಿಕಾರ. ಈ ತಂಡದಲ್ಲಿ ಹುಡುಗನಿಗೆ ಜಾಗ ಸಿಗುವುದೆಂದರೆ ಬದುಕಿಗೆ ದಾರಿಯಾದಂತೆ. ಜಾಗ ಕಡಿಮೆ, ಮಕ್ಕಳು ಹೆಚ್ಚು. ಮಗನನ್ನು ಸೇರಿಸಿಕೊಳ್ಳಲೆಂದು ಅಪ್ಪ ಮೇಲಿನವರಿಗೆ ಏನೇನು ಕೊಟ್ಟ ಎಂಬ ಪಟ್ಟಿಯೂ ಒಂದು ಕಲ್ಲಿನ ಮೇಲಿದೆ. ಮರದ ಪೀಠೋಪಕರಣದಂಥ ಬೆಲೆಬಾಳುವ ವಸ್ತುಗಳು. ಸೇರಿದ ಹುಡುಗನಿಗೆ ಮೊದಲು ಸಿಗುವುದು ಉಳಿಯೂ ಅಲ್ಲ, ಕುಂಚವೂ ಅಲ್ಲ. ಸುದ್ದಿ ಒಯ್ಯುವುದು, ಸಾಮಾನು ಹೊರುವುದು, ಕಲ್ಲಿನ ಪುಡಿ ಬಾಚುವುದು.

ಕೂಲಿ ಕಾಳಿನ ರೂಪದಲ್ಲಿ. ಪೂರ್ಣ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಖಾರ್ ಎಮ್ಮರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಒಂದು ಖಾರ್ ಎಂದರೆ ಸುಮಾರು 77 ಲೀಟರ್. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಕಲಿಯುವ ಹುಡುಗರಿಗೆ ಇದಕ್ಕಿಂತ ಎಷ್ಟೋ ಕಡಿಮೆ. ಈ ಎಮ್ಮರ್ ನಮಗೆ ದೂರದ ಕಾಳೇನಲ್ಲ. ಉತ್ತರ ಕರ್ನಾಟಕದ ರೈತರು ಸದಕ, ಜವೆಗೋಧಿ ಎಂದು ಬೆಳೆಯುವುದು ಇದನ್ನೇ. ಸಿಪ್ಪೆ ಬಿಡದ, ಕುಟ್ಟಿ ಬಿಡಿಸಬೇಕಾದ ಗೋಧಿ. ಈಜಿಪ್ಟಿನ ಆ ಅಡುಗೆಮನೆಗಳಲ್ಲಿ ಹೆಂಗಸರಿಗೆ ಎಷ್ಟು ಕೆಲಸವಿತ್ತು ಎಂಬುದು ಅದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಶಾಲೆಯ ಕಟ್ಟಡವೆಂದು ಗುರುತಿಸಬಹುದಾದದ್ದು ಯಾವುದೂ ಇಲ್ಲ. ಹಿರಿಯ ಕೂತಲ್ಲೇ ಪಾಠ. ಮಕ್ಕಳು ಮೊದಲು ತಿದ್ದುತ್ತಿದ್ದದ್ದು ‘ಕೆಮಿತ್’ ಎಂಬ ಪಾಠ. ಅವರ ಕಾಲಕ್ಕೇ ಅದು ನೂರಾರು ವರ್ಷ ಹಳೆಯದು, ಭಾಷೆಯೂ ಬಾಯಿಂದ ಮರೆಯಾದದ್ದು. ನಮ್ಮ ಮಕ್ಕಳಿಗೆ ಪಂಪನ ಹಳಗನ್ನಡದಿಂದಲೇ ಅಕ್ಷರಾಭ್ಯಾಸ ಮಾಡಿಸಿದರೆ ಹೇಗಿರುತ್ತದೋ ಹಾಗೆ. ಚಕ್ಕೆಗಳ ಮೇಲೆ ಆಯಾ ದಿನದ ಪಾಠ ಎಲ್ಲಿಗೆ ಮುಗಿಯಿತೆಂದು ಕೆಂಪು ಶಾಯಿಯಲ್ಲಿ ತಾರೀಖು ಹಾಕಿದ್ದಿದೆ, ತಪ್ಪಿದ ಅಕ್ಷರವನ್ನು ಕೆಂಪಿನಲ್ಲಿ ತಿದ್ದಿದ್ದಿದೆ. ಮುಂದಿನ ಹಂತದಲ್ಲಿ ಅವರು ನಕಲು ಮಾಡುತ್ತಿದ್ದ ಒಂದು ಪಾಠದ ಬಗ್ಗೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಖೇತಿ ಎಂಬ ತಂದೆ ಮಗ ಪೇಪಿಯನ್ನು ದೋಣಿಯಲ್ಲಿ ಲಿಪಿಕಾರರ ಶಾಲೆಗೆ ಕರೆದೊಯ್ಯುತ್ತಾ ಹೇಳುವ ಬುದ್ಧಿಮಾತು ಅದು. ಕಮ್ಮಾರ, ಕುಂಬಾರ, ಗೋಡೆ ಕಟ್ಟುವವನು, ಹೀಗೆ ಒಬ್ಬೊಬ್ಬರ ದುಡಿಮೆಯೂ ಎಷ್ಟು ಹೀನ, ಲಿಪಿಕಾರನೊಬ್ಬನೇ ಸುಖಿ ಎಂಬುದು ಅದರ ಸಾರ. ಅದನ್ನು ಬರೆದು ಬರೆದು ಬಾಯಿಪಾಠ ಮಾಡುತ್ತಿದ್ದವರು ಕಲ್ಲು ಒಡೆಯುವವರ ಮಕ್ಕಳು. ಅಪ್ಪನ ಕೈ ದಡ್ಡುಗಟ್ಟಿದ್ದನ್ನು ಬೆಳಗ್ಗೆ ನೋಡಿ, ಅಂಥ ಕೈಗಳನ್ನು ಹಳಿಯುವ ಸಾಲುಗಳನ್ನು ಮಧ್ಯಾಹ್ನ ಗುಂಡಾದ ಅಕ್ಷರದಲ್ಲಿ ಬರೆಯಬೇಕಿತ್ತು.

ಹೊಡೆತ ಇದ್ದೇ ಇತ್ತು. ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿ ಈ ಊರಿನ ಒಂದು ಚಿತ್ರವಿರುವ ಚಕ್ಕೆ ಇದೆ: ಇಲಿರಾಯ ನ್ಯಾಯಾಧೀಶನಂತೆ ಕೋಲೂರಿ ನಿಂತಿದೆ, ಬೆಕ್ಕು ಬೆತ್ತ ಎತ್ತಿದೆ, ಮುಂದೆ ಒಬ್ಬ ಹುಡುಗ. ಬರೆದವನ ಕೈ ಪಳಗಿದ್ದು, ಗೆರೆಯಲ್ಲಿ ಅಳುಕಿಲ್ಲ. ದೊಡ್ಡವರ ಕೋಲಿನ ಕೆಳಗಿದ್ದು ನಗಲು ಕಲಿತವನು ಮಾತ್ರ ಬರೆಯಬಲ್ಲ ಚಿತ್ರ.

ಹಾಗೆಂದು ಗುರುಗಳೆಲ್ಲ ಕೋಲು ಹಿಡಿದವರೇ ಅಲ್ಲ. 3ನೇ ರಾಮ್ಸೆಸ್‌ನ ಆಳ್ವಿಕೆಯ 16ನೇ ವರ್ಷದಲ್ಲಿ ಗೋರಿಯ ಲಿಪಿಕಾರನಾದ ಅಮೆನ್‌ನಖ್ತ್ ತನ್ನ ಶಿಷ್ಯ ಹೋರ್‌ಮಿನ್‌ಗಾಗಿ ತಾನೇ ಒಂದು ಬೋಧೆಯನ್ನು ರಚಿಸಿದ. ಹಳೆಯ ಪಾಠ ಸಾಲದೆಂದು ಸ್ವಂತ ಮಾತಿನಲ್ಲಿ ಶಿಷ್ಯನಿಗೆ ಬರೆಯುವುದು ಪ್ರೀತಿಯಿಲ್ಲದೆ ಆಗುವ ಕೆಲಸವಲ್ಲ. ಊರಿನ ಉಳಿದ ಹುಡುಗರೂ ಅದನ್ನು ನಕಲು ಮಾಡಿಕೊಂಡರು, ಅದರಿಂದಲೇ ಅದು ಚೂರುಚೂರಾಗಿ ನಮಗೆ ಸಿಕ್ಕಿದೆ.

ಊರಿನ ಹಿಂದಿನಿಂದ ಬೆಟ್ಟ ಏರುವ ಕಾಲುದಾರಿ ಈಗಲೂ ಇದೆ. ಕೆಲಸಗಾರರು ಹತ್ತು ದಿನದ ವಾರದಲ್ಲಿ ಎಂಟು ದಿನ ದುಡಿದು ಎರಡು ದಿನ ಮನೆಗೆ ಬರುತ್ತಿದ್ದ ದಾರಿ ಇದೇ. ಬೆಳಗಿನ ತಂಪಿನಲ್ಲಿ ಹೊರಟರೂ ಸುಣ್ಣಕಲ್ಲು ಬೇಗ ಕಾಯುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮೇಲೆ ಪಿರಮಿಡ್ಡಿನ ಆಕಾರದ ಅಲ್-ಕುರ್ನ್ ಶಿಖರ. ಅಲ್ಲಿ ಮೆರೆತ್‌ಸೆಗೆರ್ ಎಂಬ ನಾಗದೇವತೆ ನೆಲೆಸಿದ್ದಾಳೆಂದು ಅವರು ನಂಬಿದ್ದರು. ಏರು ಮುಗಿದಲ್ಲಿ ಅವರು ಇರುಳು ಮಲಗುತ್ತಿದ್ದ ಕಲ್ಲಿನ ಗುಡಿಸಲುಗಳ ಗುರುತುಗಳಿವೆ, ಮೊಣಕಾಲೆತ್ತರದ ಗೋಡೆಗಳು. ನಿಂತು ಹಿಂತಿರುಗಿ ನೋಡಿದರೆ ನೈಲ್ ದಂಡೆಯ ಹಸಿರು ಪಟ್ಟಿ ಪೂರಾ ಕಾಣುತ್ತದೆ. ಮೊದಲ ಸಲ ಮನೆ ಬಿಟ್ಟು ಬಂದ ಹನ್ನೆರಡು ಹದಿಮೂರರ ಹುಡುಗನಿಗೆ ಇಲ್ಲಿಂದ ತನ್ನೂರಿನ ಒಲೆಯ ಹೊಗೆಯೂ ಕಾಣುತ್ತಿದ್ದಿರಬೇಕು. ಎಂಟು ದಿನ ಅದನ್ನು ನೋಡಿಕೊಂಡೇ ಇರಬೇಕು.

ಇನ್ನೊಂದು ಬದಿಗೆ ಇಳಿದರೆ ರಾಜರ ಕಣಿವೆ. ಅಲ್ಲಿ ಕಸುಬು ಕಲಿಯುವವನ ಕಣ್ಣಿನಿಂದ ನೋಡಬೇಕಾದ ಗೋರಿ ಅರಸ ಹೊರೆಮ್‌ಹೆಬ್‌ನದು. ಅದರ ಕೊನೆಯ ಕೋಣೆಯ ಕೆಲಸ ಅರ್ಧಕ್ಕೇ ನಿಂತಿದೆ, ಹೀಗಾಗಿ ಕೆಲಸದ ಹಂತಗಳೆಲ್ಲ ಗೋಡೆಯ ಮೇಲೆ ಹಾಗೇ ಉಳಿದಿವೆ. ಮೊದಲು ಕೆಂಪು ಗೆರೆಯಲ್ಲಿ ಆಕೃತಿ. ಅದರ ಮೇಲೆ ಪಳಗಿದ ಕೈಯ ಕಪ್ಪು ಗೆರೆ. ಒಂದು ಕಡೆ ಕೆಂಪು ಗೆರೆಯ ಭುಜ ಕೊಂಚ ಇಳಿದಿದೆ, ಕಪ್ಪು ಗೆರೆ ಅದನ್ನು ಎತ್ತಿ ನಿಲ್ಲಿಸಿದೆ. ಪಕ್ಕದಲ್ಲೇ ಉಳಿ ತನ್ನ ಕೆಲಸ ಶುರುಮಾಡಿದೆ. ತಿದ್ದಿದವನು ತಪ್ಪನ್ನು ಅಳಿಸಿಲ್ಲ, ಸರಿಯಾದದ್ದನ್ನು ಅದರ ಮೇಲೆಯೇ ತೋರಿಸಿದ್ದಾನೆ. ನಾನು ಆ ಭುಜದ ಮುಂದೆ ಬಹಳ ಹೊತ್ತು ನಿಂತಿದ್ದೆ.

ಆ ಕತ್ತಲಲ್ಲಿ ಅವರಿಗಿದ್ದ ಬೆಳಕು ಹಳೆಯ ನಾರುಬಟ್ಟೆಯನ್ನು ಹೊಸೆದು ಕೊಬ್ಬು ಇಲ್ಲವೇ ಎಣ್ಣೆ ಸವರಿದ ಬತ್ತಿಗಳದ್ದು. ಬೆಳಗಿನ ಪಾಳಿಗೆ ಎಷ್ಟು, ಮಧ್ಯಾಹ್ನದ ಪಾಳಿಗೆ ಎಷ್ಟು ಎಂದು ಬತ್ತಿಗಳನ್ನು ಎಣಿಸಿ ಕೊಡುತ್ತಿದ್ದರು. ತಾಮ್ರದ ಉಳಿಗಳನ್ನು ತೂಕ ಮಾಡಿ ಕೊಟ್ಟು ತೂಕ ಮಾಡಿ ವಾಪಸು ಪಡೆಯುತ್ತಿದ್ದರು. ಕಲ್ಲಿನ ಪುಡಿಯೂ ಕುಂದಿದ ಬೆಳಕೂ ಸೇರಿ ಕಣ್ಣು ಹೋಗುತ್ತಿತ್ತು. ಪಾಯ್ ಎಂಬ ಚಿತ್ರಕಾರ ಮಗನಿಗೆ ಬರೆದ ಚಿಕ್ಕ ಪತ್ರವೊಂದಿದೆ. ನನ್ನ ಕೈ ಬಿಡಬೇಡ, ಆರೋಗ್ಯ ಸರಿಯಿಲ್ಲ, ಕಣ್ಣಿಗೆ ಜೇನುತುಪ್ಪ ತಾ, ಕಾವಿ ತಾ, ಅಸಲಿ ಕಾಡಿಗೆ ತಾ ಎಂದು ಅಂಗಲಾಚುತ್ತಾನೆ. ಮಗನೂ ಅದೇ ಕಸುಬಿನವನು. ಅಪ್ಪನ ಕಣ್ಣಿನಲ್ಲಿ ತನ್ನ ನಾಳೆಯನ್ನು ಅವನು ಓದಿಕೊಂಡಿರಲಾರನೆ?

ಗೆಳೆತನದ ಮಾತಿಗೆ ಬಂದರೆ, ಅದರ ಗಟ್ಟಿ ಸಾಕ್ಷಿ ಸಿಗುವುದು ಹಾಜರಿ ಲೆಕ್ಕದಲ್ಲಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ದೊಡ್ಡ ಚಕ್ಕೆಯೊಂದರ ಮೇಲೆ 2ನೇ ರಾಮ್ಸೆಸ್‌ನ 40ನೇ ವರ್ಷದ ಗೈರುಹಾಜರಿ ಪಟ್ಟಿ ಇದೆ. ಸುಮಾರು 40 ಹೆಸರು, ಪ್ರತಿ ಹೆಸರಿನ ಮುಂದೆ ತಪ್ಪಿದ ದಿನ, ಮೇಲೆ ಕೆಂಪಿನಲ್ಲಿ ಕಾರಣ. ಚೇಳು ಕಚ್ಚಿತು. ಕಣ್ಣುನೋವು. ಬಿಯರ್ ಇಳಿಸುತ್ತಿದ್ದ. ತಾಯಿಯ ಶವಸಂಸ್ಕಾರದಲ್ಲಿದ್ದ. ಪಹೇರಿಪೆಜೆತ್ ಎಂಬವನ ಹೆಸರಿನ ಮುಂದೆ ಮಾತ್ರ ಮತ್ತೆ ಮತ್ತೆ ಬರುವ ಕಾರಣ ಬೇರೆ: ಖೋನ್ಸು ಜೊತೆ ಇದ್ದ, ಔಷಧ ಮಾಡುತ್ತಿದ್ದ, ಇನ್ನೊಬ್ಬನ ಜೊತೆ ಇದ್ದ, ಔಷಧ ಮಾಡುತ್ತಿದ್ದ. ಜೊತೆಗಾರರ ಕಾಯಿಲೆಗೆ ಮದ್ದು ಅರೆಯಲು ಅವನನ್ನು ಕೆಲಸದಿಂದ ಬಿಡುತ್ತಿದ್ದರು, ಲಿಪಿಕಾರ ಅದನ್ನು ಸಕಾರಣವೆಂದೇ ಬರೆದುಕೊಳ್ಳುತ್ತಿದ್ದ. ಕಲ್ಲು ಬಿದ್ದು, ಚೇಳು ಕಚ್ಚಿ, ಕಣ್ಣು ಕೆಂಪಾಗುವ ಜಾಗದಲ್ಲಿ ಒಬ್ಬರಿಗೊಬ್ಬರು ಆಗದೆ ಬದುಕುವಂತಿರಲಿಲ್ಲ.

ಆದರೆ ಈ ಊರಿನಲ್ಲಿ ಹುಡುಗನೊಬ್ಬನ ಹಣೆಬರಹವನ್ನು ಬರೆಯುತ್ತಿದ್ದದ್ದು ಅವನನ್ನು ಒಳಗೆ ಕರೆದುಕೊಂಡ ಮನೆ. ಕೆಲವರಿಗೆ ಹೆತ್ತವರ ಮನೆ, ಕೆಲವರಿಗೆ ಗುರುವಿನದು. ಲಿಪಿಕಾರ ರಾಮೋಸೆಗೆ ಮಕ್ಕಳಿರಲಿಲ್ಲ. ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತು ಕೊನೆಗೆ ಕೆನ್‌ಹೆರ್‌ಖೆಪ್‌ಶೆಫ್ ಎಂಬ ಹುಡುಗನನ್ನು ಶಿಷ್ಯನಾಗಿ, ಮಗನಾಗಿ ಬೆಳೆಸಿದ. ಆ ಹುಡುಗ ಗುರುವಿನ ಪದವಿಗೇ ಏರಿದ, ಪಪೈರಸ್‌ಗಳ ಸಂಗ್ರಹ ಕಟ್ಟಿದ. ಆದರೆ ಗುರುವಿನ ಅಂತಃಕರಣ ಶಿಷ್ಯನಿಗೆ ದಾಟಲಿಲ್ಲ. ಪರಹೋಟೆಪ್ ಎಂಬ ಚಿತ್ರಕಾರ ಅವನಿಗೆ ಬರೆದ ದೂರಿನ ಪತ್ರ ಸಿಕ್ಕಿದೆ. ನಿನಗೆ ನಾನು ಕತ್ತೆಯಂತೆ. ದುಡಿಮೆಗೆ ನನ್ನ ನೆನಪು, ಮೇವಿನ ಹೊತ್ತಿಗೆ ಎತ್ತಿನ ನೆನಪು. ಬಿಯರ್ ಇದ್ದಾಗ ನನ್ನನ್ನು ಹುಡುಕುವುದಿಲ್ಲ ಎಂಬುದು ಅವನ ಅಳಲು. ಮೂರು ಸಾವಿರ ವರ್ಷ ಕಳೆದರೂ ಆ ಮಾತಿನ ಉರಿ ಆರಿಲ್ಲ.

ಅದೇ ಕಾಲದಲ್ಲಿ ಮೇಸ್ತ್ರಿ ನೆಫರ್‌ಹೋಟೆಪ್‌ನ ಮನೆಯಲ್ಲೂ ತೊಟ್ಟಿಲು ತೂಗಿರಲಿಲ್ಲ. ಅವನೂ ಹೆಂಡತಿ ವೆಬ್‌ಖೆತ್‌ಳೂ ಇಬ್ಬರು ಹುಡುಗರನ್ನು ಸಾಕಿದರು. ಒಬ್ಬ ಪನೆಬ್, ಕೆಲಸಗಾರನೊಬ್ಬನ ಮಗ. ಇನ್ನೊಬ್ಬ ಹೆಸಿಸುನೆಬೆಫ್, ಮನೆಯ ಗುಲಾಮನಾಗಿ ಬಂದವನು. ಪನೆಬ್ ದೊಡ್ಡವನಾದ ಮೇಲೆ ಏನು ಮಾಡಿದ ಎಂಬುದು ಬ್ರಿಟಿಷ್ ಮ್ಯೂಸಿಯಮ್ಮಿನ ‘ಸಾಲ್ಟ್ 124’ ಎಂಬ ಪಪೈರಸ್‌ನಲ್ಲಿದೆ. ತನ್ನನ್ನು ಸಾಕಿದವನನ್ನೇ ಅಟ್ಟಿಸಿಕೊಂಡು ಹೋದ, ಮನೆ ಬಾಗಿಲನ್ನು ಕಲ್ಲಿನಿಂದ ಜಜ್ಜಿದ, ರಾತ್ರಿಯೊಳಗೆ ಕೊಲ್ಲುತ್ತೇನೆಂದು ಕೂಗಾಡಿದ. ಕಾವಲಿಗೆ ಜನ ನಿಲ್ಲಿಸಬೇಕಾಯಿತು. ಮುಂದೆ ನೆಫರ್‌ಹೋಟೆಪ್ ಸತ್ತ ಮೇಲೆ ಲಂಚ ಕೊಟ್ಟು ಮೇಸ್ತ್ರಿಯಾದ, 2ನೇ ಸೇತಿಯ ಗೋರಿಯ ಕಲ್ಲುಗಳನ್ನು ಕದ್ದು ತನ್ನ ಗೋರಿಗೆ ಹಾಕಿಕೊಂಡ, ಪರರ ಹೆಂಡಂದಿರನ್ನು ಕೂಡಿದ ಎಂದೆಲ್ಲ ಆರೋಪ. ಬರೆದವನು ನೆಫರ್‌ಹೋಟೆಪ್‌ನ ಸೋದರ. ಆ ಪದವಿ ತನಗೆ ಬರಬೇಕಿತ್ತೆಂಬ ಹೊಟ್ಟೆಯುರಿ ಅವನಿಗಿತ್ತು, ಆದ್ದರಿಂದ ಅಷ್ಟನ್ನೂ ಕಣ್ಣು ಮುಚ್ಚಿ ನಂಬಲಾಗದು. ಆದರೂ ಬಾಗಿಲು ಒಡೆದ ಸಂಗತಿ ಊರಿಗೆ ಊರೇ ಕಂಡದ್ದು, ಬರೀ ಕಟ್ಟುಕತೆಯಾಗಿರಲಾರದು ಎಂದು ನನ್ನ ಎಣಿಕೆ.

ಆ ಆರೋಪಗಳ ಸಾಲಿನಲ್ಲಿ ಹುನ್ರೋ ಎಂಬ ಹೆಂಗಸಿನ ಹೆಸರಿದೆ. ಅವಳು ಹೆಸಿಸುನೆಬೆಫ್‌ನ ಜೊತೆ ಬಾಳುತ್ತಿದ್ದಾಗ ಪನೆಬ್ ಅವಳನ್ನು ಕೂಡಿದನಂತೆ. ಒಂದೇ ಒಲೆಯ ರೊಟ್ಟಿ ತಿಂದು ಬೆಳೆದ ಇಬ್ಬರ ನಡುವೆ ಇದು ನಡೆಯಿತು. ಹೆಸಿಸುನೆಬೆಫ್‌ಗೂ ಅವಳಿಗೂ ವಿಚ್ಛೇದನವಾಯಿತು. ಆಮೇಲೂ ಮೂರು ವರ್ಷ ಅವಳಿಗೆ ತಿಂಗಳು ತಿಂಗಳು ಕೊಂಚ ಕಾಳು ಸಲ್ಲುತ್ತಿತ್ತು ಎಂಬುದಕ್ಕೆ ದಾಖಲೆ ಇದೆ. ಈ ಹೆಸಿಸುನೆಬೆಫ್ ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ತಂಡದಲ್ಲಿ ಪೂರ್ಣ ಕೆಲಸಗಾರನಾದ. ಮಗ ಹುಟ್ಟಿದಾಗ ನೆಫರ್‌ಹೋಟೆಪ್ ಎಂದು ಹೆಸರಿಟ್ಟ, ಮಗಳಿಗೆ ವೆಬ್‌ಖೆತ್ ಎಂದ. ಸಾಕಿದ ದಂಪತಿಯ ಹೆಸರುಗಳನ್ನು ಹೀಗೆ ಅದೇ ಓಣಿಯಲ್ಲಿ ಮತ್ತೆ ಕೂಗುವಂತೆ ಮಾಡಿದ. ಅರಸರ ಕಣಿವೆಯಲ್ಲಿ ನಾನು ನೋಡಿದ ಬಂಗಾರದ ಬಣ್ಣದ ಗೋಡೆಗಳೆಲ್ಲಕ್ಕಿಂತ ಈ ಎರಡು ಹೆಸರುಗಳು ದೊಡ್ಡವೆಂದು ನನಗೆ ಅನಿಸಿದೆ.

ಇದಕ್ಕೆ ವ್ಯತಿರಿಕ್ತವಾಗಿ, ಹೆತ್ತ ಮಗನನ್ನೇ ಶಿಷ್ಯನನ್ನಾಗಿ ಮಾಡಿಕೊಂಡು ನೊಂದವನು ಮೆನ್ನಾ. 3ನೇ ರಾಮ್ಸೆಸ್‌ನ ಕಾಲದ ಚಿತ್ರಕಾರ. ಮಗ ಕಸುಬು ಬಿಟ್ಟು ಹಡಗು ಹತ್ತಿ ಅಲೆಯತೊಡಗಿದಾಗ ಅಪ್ಪ ಹಳೆಯ ಕತೆಗಳ ನುಡಿಗಳನ್ನು ಹೆಣೆದು ಅವನಿಗೊಂದು ದೀರ್ಘ ಪತ್ರ ಬರೆದ. ಬೈಗುಳದಂತೆ ಕಂಡರೂ ಅದು ಬೇಡಿಕೆಯೇ. ಇದೇ ಮೆನ್ನಾ ಪೊಲೀಸ್ ಅಧಿಕಾರಿಯೊಬ್ಬನಿಗೆ ಒಂದು ಮಡಕೆ ಕೊಬ್ಬು ಮಾರಿ, 18 ವರ್ಷವಾದರೂ ಅದರ ಬೆಲೆ ಬರದೆ ಮತ್ತೆ ಮತ್ತೆ ಪಂಚಾಯಿತಿಗೆ ಅಲೆದವನು. ಅಷ್ಟು ಹಟದ ಮನುಷ್ಯ ಮಗನ ಮುಂದೆ ಮಾತ್ರ ಸೋತು ಕೂತಿದ್ದಾನೆ.

ಹಸಿವಿನ ಕತೆಯೂ ಮೆನ್ನಾನ ಕಾಲದ್ದೇ. 3ನೇ ರಾಮ್ಸೆಸ್‌ನ 29ನೇ ವರ್ಷ, ಸುಮಾರು ಕ್ರಿ.ಪೂ. 1157. ಕೂಲಿಯ ಕಾಳು ಬರಲಿಲ್ಲ. ತಂಡ ಉಳಿಗಳನ್ನು ಕೆಳಗಿಟ್ಟು ಕಾವಲು ಗೋಡೆಗಳನ್ನು ದಾಟಿ 3ನೇ ಥುತ್ಮೋಸನ ದೇವಾಲಯದ ಹಿಂದೆ ಹೋಗಿ ಕೂತಿತು. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ಇದನ್ನು ಅರಸನಿಗೆ ಬರೆದು ತಿಳಿಸಿ ಎಂಬುದು ಅವರ ಒತ್ತಾಯ. ಇತಿಹಾಸದಲ್ಲಿ ದಾಖಲಾದ ಮೊದಲ ಮುಷ್ಕರ ಇದೆಂದು ಹೇಳುತ್ತಾರೆ. ಅದನ್ನು ಹೇಳುವ ಪಪೈರಸ್ ಇಟಲಿಯ ಟ್ಯೂರಿನ್‌ನಲ್ಲಿದೆ. ದೊಡ್ಡವರ ಖಾರ್ ಲೆಕ್ಕವೇ ತಪ್ಪಿದಾಗ, ಮೊದಲೇ ಕಡಿಮೆ ಪಡೆಯುತ್ತಿದ್ದ ಹುಡುಗರ ಪಾಲು ಏನಾಗಿರಬೇಕು ಎಂದು ಯಾರೂ ಬರೆದಿಲ್ಲ. 4ನೇ ರಾಮ್ಸೆಸ್ ಪಟ್ಟಕ್ಕೆ ಬಂದ ಎರಡನೆಯ ವರ್ಷ ತಂಡವನ್ನು 120ಕ್ಕೆ ಏರಿಸಿದ. ಕಾಯುತ್ತಿದ್ದ ಮನೆಗಳಲ್ಲಿ ಹಬ್ಬವಾಗಿರಬೇಕು. 6ನೇ ರಾಮ್ಸೆಸ್‌ನ ಕಾಲಕ್ಕೆ ಅದನ್ನು ಮತ್ತೆ 60ಕ್ಕೆ ಇಳಿಸಿದರು. ಹಾಗೆ ಬಂದು ಹಾಗೆ ಹೋದವರ ಬಗ್ಗೆ ಯಾವ ಚಕ್ಕೆಯೂ ಮಾತಾಡುವುದಿಲ್ಲ.

ಊರಿನ ಮೇಲ್ಗಡೆ ಸೆನ್ನೆಜೆಮ್ ಎಂಬ ಕೆಲಸಗಾರನ ಗೋರಿ ಇದೆ, 1886ರಲ್ಲಿ ಸಿಕ್ಕದ್ದು. ಕಡಿದಾದ ಮೆಟ್ಟಿಲು ಇಳಿದು ತಲೆ ಬಗ್ಗಿಸಿ ಒಳಹೊಕ್ಕರೆ ಕಮಾನು ಚಾವಣಿಯ ಪುಟ್ಟ ಕೋಣೆ. ಅರಸರಿಗೆ ದುಡಿದು ಮಿಕ್ಕ ಬಿಡುವಿನಲ್ಲಿ ಇವರು ತಮಗಾಗಿ ಮಾಡಿಕೊಂಡ ಕೆಲಸ ಇದು. ಹಳದಿ ನೆಲದ ಮೇಲೆ ಬಣ್ಣಗಳು ನಿನ್ನೆ ಬಳಿದಂತಿವೆ. ಪರಲೋಕದ ಹೊಲದಲ್ಲಿ ಸೆನ್ನೆಜೆಮ್ ಎತ್ತು ಹೂಡಿ ಉಳುತ್ತಿದ್ದಾನೆ, ಹಿಂದೆ ಹೆಂಡತಿ ಬೀಜ ಚೆಲ್ಲುತ್ತಿದ್ದಾಳೆ, ಸುತ್ತ ಕಾಲುವೆ ತುಂಬ ನೀರು. ನೀರಿಲ್ಲದ ಊರಿನಲ್ಲಿ, ಬೇರೆಯವರು ಬೆಳೆದ ಕಾಳಿಗೆ ಕಾಯುತ್ತಾ ಬದುಕಿದವರು ಸತ್ತ ಮೇಲೆ ಬೇಕೆಂದು ಕೇಳಿಕೊಂಡದ್ದು ಸ್ವಂತ ಹೊಲವನ್ನು, ತುಂಬಿದ ಕಾಲುವೆಯನ್ನು.

ಲಕ್ಸರ್‌ಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಟೂರ್ ಕಂಪನಿಯ ಪಟ್ಟಿಯಲ್ಲಿ ದೇರ್ ಎಲ್-ಮದೀನಾ ಇಲ್ಲದಿದ್ದರೆ ಸೇರಿಸಿ ಎಂದು ಮೊದಲೇ ಕೇಳಿ. ರಾಜರ ಕಣಿವೆಯ ಟಿಕೆಟ್ ಇಲ್ಲಿಗೆ ನಡೆಯುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಬಿಸಿಲೇರುವ ಮುಂಚೆ ಹೋಗಿ, ಗೋರಿಗಳನ್ನು ನೋಡಿದ ಮೇಲೆ ಓಣಿಯಲ್ಲಿ ಒಂದು ಸಲ ಪೂರ್ತಿ ನಡೆಯಿರಿ. ಮಕ್ಕಳು ಜೊತೆಗಿದ್ದರೆ ಅವರಿಗೆ ತೂತಂಖಾಮುನ್ ಹೆಸರು ಹೇಳುವ ಮೊದಲು ಹೆಸಿಸುನೆಬೆಫ್‌ನ ಹೆಸರು ಹೇಳಿಕೊಡಿ.